ಭತ್ತದ ಕಣಜದಲ್ಲಿ ಕೂತು ಇನ್ನೊಂದು ಕಣಜದ ಮಾತು

ನಿನ್ನೆ ಗಂಗಾವತಿಯಲ್ಲಿ ಪರಿಚಯದವರ ಗೃಹಪ್ರವೇಶಕ್ಕೆ ಹೋಗಿ ಉಂಡು ಬಂದ ಹೋಳಿಗೆ ನನಗೆ ಇನ್ನೂ ಅರಗಿಲ್ಲ, ತಪ್ಪು ಹೋಳಿಗೆಯದಲ್ಲ. ಪಂಕ್ತಿಯಲ್ಲಿ ಎದುರಿಗೆ ಕುಳಿತಿದ್ದ, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು ಮುಂದೆ ಕೀಟಗಳ ವರ್ತನೆಯ ಬಗ್ಗೆ ಸಂಶೋಧನೆ ಮಾಡಬೇಕೆಂದಿದ್ದೇನೆ ಎಂದಳು. ಗೊಬ್ಬರ, ಕೀಟನಾಶಕದ ಅಂಗಡಿ ಇಟ್ಟಿರುವ ಅವಳ ಸೋದರಮಾವ, "ಯವ್ವಾ, ಹುಳ ಎಣಿಸಿಕೋತ ಕುಂತರ ಏನು ಉಪಯೋಗ?" ಎಂದರು. ಇಡೀ ಪಂಕ್ತಿ ನಕ್ಕಿತು. ಹುಳಗಳ ದೆಸೆಯಿಂದಲೇ ಎರಡಂತಸ್ತಿನ ಮನೆ ಕಟ್ಟಿಸಿದ ಮನುಷ್ಯ ಈ ಪ್ರಶ್ನೆ ಕೇಳುತ್ತಿದ್ದಾರೆ ಎಂಬುದು ಯಾರಿಗೂ ಹೊಳೆಯಲಿಲ್ಲ.

ನಾನು ಸುಮ್ಮನಿರಬೇಕಿತ್ತು. ನಿವೃತ್ತ ಮೇಷ್ಟ್ರಿಗೆ ಅದು ಬರುವುದಿಲ್ಲ ಎಂದು ನಿಮಗೆ ಗೊತ್ತೇ ಇದೆ. ಹುಳಗಳ ವರ್ತನೆಯನ್ನೇ ಅಭ್ಯಾಸ ಮಾಡಿದ ವಿಜ್ಞಾನಿ ರಾಘವೇಂದ್ರ ಗದಗ್‌ಕರ್ ಅವರ ಹೆಸರು ತೆಗೆದೆ. "ಗದಗಿನವರೇನು?" ಎಂದು ಒಬ್ಬರು ಕೇಳಿದರು. ಹೆಸರಿನಲ್ಲಿ ಗದಗವಿದ್ದರೂ ಅವರು 1953ರಲ್ಲಿ ಹುಟ್ಟಿದ್ದು ಕಾನ್ಪುರದಲ್ಲಿ, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಣ್ವಿಕ ಜೀವವಿಜ್ಞಾನದ ಪಿಎಚ್.ಡಿ. ಪಡೆದ ಮೇಲೆ, ಆ ಭದ್ರವಾದ ದಾರಿಯನ್ನು ಬಿಟ್ಟು 'ರೊಪಾಲಿಡಿಯಾ ಮಾರ್ಜಿನೇಟಾ' ಎಂಬ ಕಣಜದ ಹಿಂದೆ ಬಿದ್ದು, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದನ್ನೇ ನೋಡುತ್ತ ಕುಳಿತರು. ಕಿಟಕಿಯ ಮೂಲೆಯಲ್ಲಿ, ಸೂರಿನ ಕೆಳಗೆ ಕಾಗದದಂಥ ಗೂಡು ಕಟ್ಟುವ ಹುಳುಗಳ ಜಾತಿಯದು ಅದು. ಗಂಗಾವತಿಯನ್ನು ಭತ್ತದ ಕಣಜವೆಂದು ಹೊಗಳಿಕೊಳ್ಳುವ ನಾವು ಈ ಇನ್ನೊಂದು ಕಣಜವನ್ನು ಕಂಡರೆ ಮೊದಲು ಹುಡುಕುವುದು ಬೆಂಕಿಪೊಟ್ಟಣವನ್ನು.

ಅವರ ಸಲಕರಣೆಗಳಾದರೂ ಎಂಥವು? ಒಂದೊಂದು ಕಣಜವನ್ನೂ ಬೇರೆಯಾಗಿ ಗುರುತಿಸಲು ಮೈಮೇಲೆ ಬಣ್ಣದ ಚುಕ್ಕೆ, ನೋಡಿದ್ದನ್ನು ಬರೆದಿಡಲು ಪುಸ್ತಕ, ಮತ್ತು ತಾಳ್ಮೆ. ಹಾಗೆ ನೋಡಿ ನೋಡಿಯೇ ಗೂಡಿನಲ್ಲಿ ಸುಮ್ಮನೆ ಕೂರುವವರು, ಜಗಳ ಕಾಯುವವರು, ಆಹಾರ ತರಲು ಹೋಗುವವರು ಎಂಬ ಮೂರು ಬಗೆಯಿವೆಯೆಂದು ಅವರು ಗುರುತಿಸಿದರು. ರಾಣಿಯೆಂದರೆ ದರ್ಪದವಳೆಂದುಕೊಂಡಿದ್ದರೆ ಇಲ್ಲಿನ ರಾಣಿ ಬಲು ಸಾಧು. ಯಾರನ್ನೂ ಹೊಡೆಯದೆ, ತನ್ನ ಮೈಯ ರಾಸಾಯನಿಕದ ಮೂಲಕವೇ ತಾನಿದ್ದೇನೆ ಎಂದು ತಿಳಿಸುತ್ತಾಳೆ. ಅವಳನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ಕೆಲಸಗಾರ್ತಿಯೊಬ್ಬಳು ಉಗ್ರಳಾಗಿ ಎದ್ದು ನಿಲ್ಲುತ್ತಾಳೆ, ಉಳಿದವರು ಅವಳಿಗೆ ಎದುರಾಡುವುದಿಲ್ಲ. ಮುಂದಿನ ರಾಣಿ ಯಾರೆಂದು ವಿಜ್ಞಾನಿಗಳಿಗೆ ಮೊದಲೇ ಹೇಳಲು ಆಗಲಿಲ್ಲ. ಆದರೆ ಗೂಡನ್ನು ಎರಡು ಭಾಗ ಮಾಡಿ ನಡುವೆ ಜಾಲರಿ ಇಟ್ಟು ಮಾಡಿದ ಪ್ರಯೋಗಗಳಿಂದ, ಕಣಜಗಳಿಗೆ ಅದು ಮೊದಲೇ ಗೊತ್ತಿರುವಂತಿದೆ ಎಂದು ಕಂಡುಬಂತು. ನಮ್ಮ ಪಂಚಾಯಿತಿಗಳಲ್ಲಿ ಅಧ್ಯಕ್ಷಗಿರಿಗೆ ಸದಸ್ಯರನ್ನು ರೆಸಾರ್ಟಿಗೆ ಸಾಗಿಸುವುದನ್ನು ಕಂಡವನಿಗೆ ಇದು ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಬಂದ ಮಾತು ಒಂದೇ: "ಅದೆಲ್ಲಾ ಖರೆ ಸರ, ಉಪಯೋಗ ಏನು?" ಗದಗ್‌ಕರ್ ಅವರಿಗೆ 1993ರಲ್ಲಿ ವಿಜ್ಞಾನಿಗಳಿಗೆ ಕೊಡುವ ಭಟ್ನಾಗರ್ ಪ್ರಶಸ್ತಿ ಬಂದದ್ದನ್ನು ಬೇಕೆಂದೇ ಹೇಳಲಿಲ್ಲ. ಹೇಳಿದ್ದರೆ ಎಷ್ಟು ರೂಪಾಯಿ ಎಂದು ಕೇಳುತ್ತಿದ್ದರು.

ಜಿಗಿಹುಳು ಬಿದ್ದ ಗದ್ದೆಯ ಬದುವಿನಲ್ಲಿ ನಿಂತವನಿಗೆ ರಾಣಿಯ ಕಥೆ ಬೇಕಿಲ್ಲ, ಕೊಲ್ಲುವ ಔಷಧ ಬೇಕು ಎಂದು ನಿಮ್ಮಲ್ಲೇ ಕೆಲವರು ಹೇಳಬಹುದು. ಒಪ್ಪುತ್ತೇನೆ, ಅರ್ಧ ನಿಮಿಷದ ಮಟ್ಟಿಗೆ. ಕಂದು ಜಿಗಿಹುಳು ಪೈರಿನ ಬುಡದಲ್ಲಿ ಕೂತು ರಸ ಹೀರುತ್ತದೆ. ನಾವು ಮೇಲಿನಿಂದ ಎಣ್ಣೆ, ಅಂದರೆ ಕೀಟನಾಶಕ, ಹೊಡೆದಾಗ ಆ ಹುಳುವನ್ನು ತಿಂದು ಬದುಕುವ ಜೇಡಗಳು ಸತ್ತು, ಕಾವಲಿಲ್ಲದ ಗದ್ದೆಯಲ್ಲಿ ಅದೇ ಹುಳು ಮೊದಲಿಗಿಂತ ಹೆಚ್ಚಾಗಿ ಏಳುತ್ತದೆ. ಗದ್ದೆಯಲ್ಲಿ ಕೂತು ಹುಳ, ಜೇಡ ಎಣಿಸಿದವರು ಇದನ್ನು ತೋರಿಸಿಕೊಟ್ಟ ಮೇಲೆಯೇ ಇಂಡೊನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ಸೋದರಮಾವನವರಿಗೆ ಈ ಉಪಯೋಗ ಅಷ್ಟೇನೂ ರುಚಿಸಲಾರದು. ಆದರೆ ನೋಡಿ, ಉಪಯೋಗದ ತಕ್ಕಡಿಯನ್ನು ಬೈಯಲು ಹೊರಟ ನಾನೂ ಕೊನೆಗೆ ಅದರಲ್ಲೇ ತೂಗಲು ಕುಳಿತೆ. ಕಣಜದ ಗೂಡಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವ ಆಸೆಯೊಂದೇ ಸಾಲದೆ?

ಇಷ್ಟು ಸಿಟ್ಟು ಯಾಕೆ ಎಂದರೆ, ಆ ಪಂಕ್ತಿಯಲ್ಲಿ ನಗುವ ಹಕ್ಕು ನನಗೂ ಇತ್ತು. ಬಹಳ ವರ್ಷಗಳ ಹಿಂದೆ ಕಾರಟಗಿ ಕಡೆಯ ಒಂದು ಶಾಲೆಯಲ್ಲಿದ್ದಾಗ, ಎಂಟನೆಯ ತರಗತಿಯ ಹುಡುಗಿಯೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ಸ್ಟಾಫ್ ರೂಮಿನ ಸೂರಿನ ಕೆಳಗೆ ನಿಂತು ಕಣಜದ ಗೂಡನ್ನೇ ನೋಡುತ್ತಿರುತ್ತಿದ್ದಳು. ಮಕ್ಕಳಿಗೆ ಕಚ್ಚೀತೆಂದು ನಾನೇ ಜವಾನನಿಗೆ ಹೇಳಿ, ಕೋಲಿಗೆ ಸೀಮೆಎಣ್ಣೆಯ ಬಟ್ಟೆ ಸುತ್ತಿ ಗೂಡನ್ನು ಸುಡಿಸಿದೆ. ಆ ವಾರ ತಿದ್ದಲು ಬಂದ ಅವಳ ನೋಟ್‌ಪುಸ್ತಕದ ಹಿಂದಿನ ಪುಟದಲ್ಲಿ ತಾರೀಖುಗಳಿದ್ದವು, ಒಂದೊಂದರ ಮುಂದೆ ಒಂದು ಸಂಖ್ಯೆ: ಏಳು, ಏಳು, ಒಂಬತ್ತು, ಹನ್ನೊಂದು. ಸುಟ್ಟ ದಿನದ ಮುಂದೆ ಸೊನ್ನೆ ಬರೆದಿದ್ದಳು. ನಾನು ಆ ಪುಟಕ್ಕೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಸಹಿ ಹಾಕಿದೆ.