ವೇಸ್ಟ್ ಏರಿಯಾ ಎಂಬ ನಾಲ್ಕು ಅಡಿ

ಇಂದು ಬೆಳಿಗ್ಗೆಯ ಸಭೆಯೊಂದರಲ್ಲಿ ನನ್ನ ನಕ್ಷೆಯ ಮೇಲೆ ಕೆಂಪು ಶಾಯಿಯ ಗೆರೆ ಬಿತ್ತು. ಕಟ್ಟಡಗಳ ನಕ್ಷೆ ಬರೆದೇ ಹೊಟ್ಟೆ ಹೊರೆಯುವ ನನಗೆ ಇದೇನೂ ಹೊಸದಲ್ಲ ಎಂಬುದು ನಿಮಗೆಲ್ಲ ಗೊತ್ತು. ಆದರೆ ಈ ಗೆರೆ ಬಿದ್ದ ಜಾಗವನ್ನು ನೆನೆದರೆ ಇಷ್ಟು ಹೊತ್ತಾದರೂ ಸಿಟ್ಟು ಇಳಿದಿಲ್ಲ. ಪ್ರತಿ ಮಹಡಿಯಲ್ಲೂ ಮೆಟ್ಟಿಲು ಬಂದು ನಿಲ್ಲುವ ಕಡೆ, ಎರಡು ಮನೆಗಳ ಬಾಗಿಲುಗಳ ನಡುವೆ, ಬೆಳಕಿಗೊಂದು ಕಿಟಕಿಯನ್ನೂ ಅದರ ಪಕ್ಕದಲ್ಲಿ ಇಬ್ಬರು ಕೂರಬಹುದಾದ ಕಟ್ಟೆಯನ್ನೂ ಬರೆದಿದ್ದೆ. ಅದಕ್ಕಾಗಿ ಲ್ಯಾಂಡಿಂಗ್ ನಾಲ್ಕು ಅಡಿ ಹೆಚ್ಚು ಅಗಲವಾಗಿತ್ತು, ಅಷ್ಟೆ. “ಸಾರ್, ಇದು ವೇಸ್ಟ್ ಏರಿಯಾ, ಸೇಲಬಲ್ ಏರಿಯಾಗೆ ಸೇರಿಸಿಬಿಡಿ” ಎಂದರು ಬಿಲ್ಡರ್ ಕಡೆಯವರು, ಅಂದರೆ ಮಾರಿ ದುಡ್ಡು ಮಾಡಬಹುದಾದ ಜಾಗಕ್ಕೆ. ಅದೇ ಮೇಜಿನ ಮೇಲಿದ್ದ ಅದೇ ಯೋಜನೆಯ ಬ್ರೋಷರಿನ ಮೊದಲ ಪುಟದಲ್ಲಿ ‘ಒಂದಾಗಿ ಬಾಳುವ ಸಮುದಾಯ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಈ ಸಮುದಾಯವನ್ನು ಎಲ್ಲಿ ಕೂರಿಸುತ್ತೀರಿ ಎಂದು ಕೇಳಿದೆ. ಟೆರೇಸಿನಲ್ಲಿ ಕಮ್ಯೂನಿಟಿ ಹಾಲ್ ಇದೆಯಲ್ಲ, ಬುಕ್ ಮಾಡಿಕೊಂಡು ಬರಬಹುದು ಎಂಬ ಉತ್ತರ ಬಂತು.

ಬುಕ್ ಮಾಡಿಕೊಂಡು ಬೆಳೆಸುವ ನೆರೆಹೊರೆಯನ್ನು ನಾನು ಈವರೆಗೆ ಕಂಡಿಲ್ಲ. ಬೇರೆ ಯಾವುದೋ ಕೆಲಸಕ್ಕೆಂದು ಹೊರಟವರು ದಾರಿಯಲ್ಲಿ ಮತ್ತೆ ಮತ್ತೆ ಎದುರಾಗಿ, ಮೊದಮೊದಲು ತಲೆಯಾಡಿಸಿ, ಕೊನೆಗೊಂದು ದಿನ ಹೆಸರು ಕೇಳಿದಾಗ ಪರಿಚಯ ಹುಟ್ಟುತ್ತದೆ. ಇದು ನನ್ನ ಭಾವುಕತೆಯಲ್ಲ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ವಿವಾಹಿತ ವಿದ್ಯಾರ್ಥಿಗಳ ವಸತಿಯನ್ನು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ಅಧ್ಯಯನ ಮಾಡಿ 1950ರಲ್ಲಿ ಪ್ರಕಟಿಸಿದರು. ಯಾರ ಪಕ್ಕದಲ್ಲಿ ಯಾರು ಎಂಬುದು ಅಲ್ಲಿ ನಿವಾಸಿಗಳ ಆಯ್ಕೆಯಾಗಿರಲಿಲ್ಲ. ಆದರೂ ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸಿದ ಪ್ರಮಾಣ ಶೇ 41ರಷ್ಟಿತ್ತು. ಮಹಡಿಯ ಈ ತುದಿಯವರು ಆ ತುದಿಯವರನ್ನು ಹೆಸರಿಸಿದ್ದು ಶೇ 10 ಮಾತ್ರ. ಆ ಎರಡು ತುದಿಗಳ ನಡುವೆ ನೂರು ಅಡಿಯೂ ಇರಲಿಲ್ಲ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕೆಳ ಅಂತಸ್ತಿನಲ್ಲಿ ಮೆಟ್ಟಿಲ ಬುಡದಲ್ಲಿ ಮನೆ ಸಿಕ್ಕವರಿಗೆ ಮೇಲಿನ ಅಂತಸ್ತಿನ ಸ್ನೇಹಿತರು ಉಳಿದವರಿಗಿಂತ ಹೆಚ್ಚು. ಅವರು ಹೆಚ್ಚು ಸ್ನೇಹಜೀವಿಗಳಾಗಿದ್ದರು ಎಂದಲ್ಲ, ಮೇಲಿನವರು ಅವರ ಬಾಗಿಲ ಮುಂದೆ ಹಾದುಹೋಗಲೇಬೇಕಾಗಿತ್ತು. ಅವರೆಲ್ಲ ಒಂದೇ ವಯಸ್ಸಿನ, ಒಂದೇ ಬಗೆಯ ಜನ, ಹಾಗಾಗಿ ಬೆರೆಯುವುದು ಸುಲಭವಾಗಿತ್ತು ಎಂಬುದನ್ನು ಒಪ್ಪುತ್ತೇನೆ. ಹತ್ತಿರವಿದ್ದರೆ ಸ್ನೇಹದಷ್ಟೇ ಸಲೀಸಾಗಿ ವೈರವೂ ಹುಟ್ಟುತ್ತದೆ ಎಂದು 1976ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಹೇಳಿತು, ಅದನ್ನೂ ಒಪ್ಪುತ್ತೇನೆ. ಜಗಳವಾಡುವುದಕ್ಕಾದರೂ ಪಕ್ಕದ ಮನೆಯವರ ಮುಖ ಗೊತ್ತಿರಬೇಕಲ್ಲ.

ಇಷ್ಟೆಲ್ಲ ಹೇಳುವ ನಾನು ಜನರೊಡನೆ ಸುಲಭವಾಗಿ ಬೆರೆಯುವವನಲ್ಲ ಎಂಬುದನ್ನೂ ಹೇಳಿಬಿಡಬೇಕು. ಲಿಫ್ಟಿನ ಗುಂಡಿ ಒತ್ತಿದಾಗ ಒಳಗೆ ಯಾರೂ ಇರದಿರಲಿ ಎಂದು ಮನಸ್ಸಿನಲ್ಲೇ ಹಾರೈಸುವವನು ನಾನು. ಆ ಕಾರಣಕ್ಕೇ ನನಗೆ ಈ ನಡುವಿನ ಜಾಗ ಬೇಕು. ಲಿಫ್ಟಿನಲ್ಲಿ ಎರಡೇ ದಾರಿ, ಮಾತಾಡಬೇಕು ಇಲ್ಲವೇ ಫೋನ್ ನೋಡುವ ನಟನೆ ಮಾಡಬೇಕು. ಕಿಟಕಿಯ ಪಕ್ಕದ ಕಟ್ಟೆಯಲ್ಲಾದರೆ ಇನ್ನೊಬ್ಬರ ಜೊತೆಯಲ್ಲಿದ್ದೂ ಸುಮ್ಮನಿರಬಹುದು, ಬೇಕೆನಿಸಿದಾಗ ಎದ್ದು ಹೋಗಬಹುದು. 1970ರ ದಶಕದಲ್ಲಿ ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರ ನಡವಳಿಕೆಯನ್ನು ಗಮನಿಸಿದ ನಗರ ಅಧ್ಯಯನಕಾರ ವಿಲಿಯಂ ವೈಟ್ ಒಂದು ಸಣ್ಣ ಸಂಗತಿಯನ್ನು ದಾಖಲಿಸಿದ್ದಾರೆ: ಸರಿಸಬಹುದಾದ ಕುರ್ಚಿಯಿದ್ದರೆ ಜನ ಕೂರುವ ಮೊದಲು ಅದನ್ನು ನಾಲ್ಕಾರು ಇಂಚಾದರೂ ಅತ್ತಿತ್ತ ಜರುಗಿಸುತ್ತಾರೆ. ಬಿಸಿಲಿಗಲ್ಲ, ನೆರಳಿಗಲ್ಲ, ತನಗೂ ಪಕ್ಕದವರಿಗೂ ನಡುವೆ ಎಷ್ಟು ಅಂತರ ಸಾಕೆಂದು ತಾನೇ ಗೊತ್ತುಮಾಡಿಕೊಳ್ಳುವುದಕ್ಕೆ. ಆ ಅಂತರವನ್ನು ನಿರ್ಧರಿಸುವ ಹಕ್ಕನ್ನು ನಾವೀಗ ಕಟ್ಟಡಗಳಿಂದ ಕಿತ್ತುಹಾಕುತ್ತಿದ್ದೇವೆ. ಒಂದೋ ಮುಚ್ಚಿದ ಬಾಗಿಲು, ಇಲ್ಲವೇ ಕಮ್ಯೂನಿಟಿ ಹಾಲಿನ ಮೈಕು.

ಕೂರುವ ಜಾಗ ಎಲ್ಲಿರಬೇಕು ಎಂಬುದು ಕ್ಷುಲ್ಲಕ ವಿಷಯವೆಂದು ನಗುವವರು ಬ್ರಿಟನ್ನಿನ ಸಂಸತ್ತನ್ನು ನೋಡಬೇಕು. 1941ರ ಬಾಂಬ್ ದಾಳಿಯಲ್ಲಿ ಅಲ್ಲಿನ ಕೆಳಮನೆಯ ಸಭಾಂಗಣ ನಾಶವಾದಾಗ, ಯುದ್ಧವಿನ್ನೂ ನಡೆಯುತ್ತಿದ್ದಂತೆಯೇ, 1943ರಲ್ಲಿ ಪ್ರಧಾನಿ ಚರ್ಚಿಲ್ ಎದ್ದು ನಿಂತು ವಾದಿಸಿದ್ದು ಬೆಂಚುಗಳ ಜೋಡಣೆಯ ಬಗ್ಗೆ. ಅರ್ಧವೃತ್ತ ಬೇಡ, ಹಿಂದಿನಂತೆಯೇ ಎರಡು ಪಕ್ಷಗಳು ಎದುರುಬದುರು ಕೂರಬೇಕು. ಎಲ್ಲ ಸದಸ್ಯರಿಗೂ ಸಾಲುವಷ್ಟು ದೊಡ್ಡದಾಗಿಯೂ ಇರಬಾರದು, ಏಕೆಂದರೆ ಖಾಲಿ ಸಭಾಂಗಣದಲ್ಲಿ ಚರ್ಚೆಗೆ ಕಳೆ ಬರುವುದಿಲ್ಲ. ಹಾಗೆಯೇ ಮತ್ತೆ ಕಟ್ಟಿ 1950ರಲ್ಲಿ ತೆರೆದರು. ಇಂದಿಗೂ 650 ಸದಸ್ಯರಿಗೆ ಅಲ್ಲಿರುವ ಆಸನಗಳು 427. ಸೇಲಬಲ್ ಏರಿಯಾದವರು ಆ ಸಭೆಯಲ್ಲಿ ಇದ್ದಿದ್ದರೆ ಇಕ್ಕಟ್ಟನ್ನು ಖಂಡಿತ ಮೆಚ್ಚುತ್ತಿದ್ದರು, ಕಾರಣ ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ.

ಈ ನಡುವಿನ ಜಾಗಗಳು ಕಣ್ಮರೆಯಾದದ್ದು ಕೇವಲ ಲಾಭಕೋರತನದಿಂದಲ್ಲ. ಬಿಸಿ ಪ್ರದೇಶಗಳ ಹಳೆಯ ಮನೆಗಳಲ್ಲಿ ಮಾಡನ್ನು ಗೋಡೆಯಿಂದಾಚೆಗೆ ಚಾಚಿದ್ದು ಗೋಡೆ ಕಾಯದಿರಲಿ, ಮಳೆನೀರು ಬಡಿಯದಿರಲಿ ಎಂದು. ಆ ನೆರಳಿನಲ್ಲಿ ಮನುಷ್ಯರು ತಾವಾಗಿಯೇ ಬಂದು ಕೂತರು. ಗಾಳಿಗೆ ಕಿಟಕಿ ತೆರೆದಿಡಬೇಕಾಗಿತ್ತು, ತೆರೆದ ಕಿಟಕಿಯಿಂದ ಬೀದಿಯ ಮಾತು ಒಳಬಂತು. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಹವಾನಿಯಂತ್ರಣ ವ್ಯವಸ್ಥೆಯನ್ನು ರೂಪಿಸಿದ್ದು ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಕಾಗದ ತೇವಕ್ಕೆ ಹಿಗ್ಗದಿರಲೆಂದು. ಕಾಗದಕ್ಕೆಂದು ಬಂದ ಯಂತ್ರ ಮನೆಯೊಳಗೆ ಬಂದು ನೆಲೆಸಿದ ಮೇಲೆ ನೆರಳು ಬೇಡವಾಯಿತು. ನೆರಳು ಹೋದಾಗ ಅದರಡಿ ಕೂತಿದ್ದವರೂ ಎದ್ದು ಹೋದರು. ನಾವೀಗ ಕಿಟಕಿ ಮುಚ್ಚಿ, ನಮ್ಮ ಕೋಣೆಯ ಸೆಕೆಯನ್ನು ಯಂತ್ರದ ಮೂಲಕ ಪಕ್ಕದ ಮನೆಯ ಗೋಡೆಗೆ ಊದುತ್ತಿದ್ದೇವೆ. ಆಧುನಿಕ ನೆರೆಹೊರೆಯ ನಡುವೆ ಉಳಿದಿರುವ ನಿತ್ಯದ ವಿನಿಮಯ ಬಹುಶಃ ಇದೊಂದೇ.

ಇಂಥ ಜಾಗ ಕೊಟ್ಟರೆ ಪೋಲಿಗಳು ಸೇರುತ್ತಾರೆ, ಗಲೀಜಾಗುತ್ತದೆ ಎಂಬ ಆಕ್ಷೇಪ ಈ ಬೆಳಿಗ್ಗೆಯೂ ಬಂತು. ಸ್ವಲ್ಪ ಓದಿಕೊಂಡವರು ಆಗ ಪ್ರೂಯಿಟ್-ಐಗೋ ಹೆಸರನ್ನು ಎತ್ತುತ್ತಾರೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದಲ್ಲಿ ಎದ್ದ, 11 ಅಂತಸ್ತಿನ 33 ಕಟ್ಟಡಗಳ ಆ ವಸತಿ ಸಮುಚ್ಚಯದಲ್ಲಿ ಲಿಫ್ಟ್ ಪ್ರತಿ ಮೂರನೆಯ ಮಹಡಿಯಲ್ಲಿ ಮಾತ್ರ ನಿಲ್ಲುತ್ತಿತ್ತು. ಖರ್ಚೂ ಉಳಿಯಲಿ, ಜನರೂ ಎದುರಾಗಲಿ ಎಂಬ ಲೆಕ್ಕ. ಜನ ಬೆರೆಯಲೆಂದು ಮಾಡಿದ ಉದ್ದುದ್ದ ಗ್ಯಾಲರಿಗಳು ಹಲ್ಲೆ, ಸುಲಿಗೆಯ ತಾಣಗಳಾದವು, 1972ರಲ್ಲಿ ಸ್ಫೋಟಕವಿಟ್ಟು ಕೆಡವುವ ಕೆಲಸ ಶುರುವಾಯಿತು. ನಿಜ. ಆದರೆ ಬಡ ಬಾಡಿಗೆದಾರರ ಬಾಡಿಗೆಯಿಂದಲೇ ದುರಸ್ತಿ ನಡೆಯಬೇಕೆಂದು ಹೇಳಿ, ಮನೆಗಳು ಖಾಲಿಯಾಗುತ್ತ ಹೋದಂತೆ ದುರಸ್ತಿಯನ್ನೇ ಕೈಬಿಟ್ಟ ಕಥೆಯನ್ನು ಇವರು ಹೇಳುವುದಿಲ್ಲ. ಅದೇ ಕಟ್ಟಡಗಳನ್ನು ಕಣ್ಣಾರೆ ಕಂಡ ವಾಸ್ತುಶಿಲ್ಪಿ ಆಸ್ಕರ್ ನ್ಯೂಮನ್ ಬರೆದದ್ದನ್ನಂತೂ ಹೇಳುವುದೇ ಇಲ್ಲ: ಇಪ್ಪತ್ತು ಕುಟುಂಬಗಳು ಹಂಚಿಕೊಂಡ ಮೊಗಸಾಲೆ ಹಾಳುಬಿದ್ದಿತ್ತು, ಎರಡೇ ಕುಟುಂಬಗಳು ಹಂಚಿಕೊಂಡ ಲ್ಯಾಂಡಿಂಗ್ ಚೊಕ್ಕಟವಾಗಿತ್ತು. ಎರಡು ಕುಟುಂಬ! ನನ್ನ ನಕ್ಷೆಯಲ್ಲಿದ್ದದ್ದೂ ಅದೇ ಅಲ್ಲವೇ?

ದುಡ್ಡಿನ ಮಾತಿಗೆ ನನ್ನಲ್ಲಿ ಹೆಚ್ಚು ತಾಳ್ಮೆಯಿಲ್ಲ. ಇಂದೋರಿನ ‘ಅರಣ್ಯ’ ಎಂಬ ಹೆಸರಿನ ಬಡಾವಣೆಯಲ್ಲಿ ಬಹುಪಾಲು ನಿವೇಶನಗಳು ತೀರ ಕಡಿಮೆ ಆದಾಯದವರಿಗೆ ಮೀಸಲಾಗಿದ್ದವು. ಅವರಿಗೆ ಕೊಡಲು ಸಾಧ್ಯವಾದದ್ದು ನಿವೇಶನ, ಅಡಿಪಾಯ, ಶೌಚಾಲಯ, ನೀರಿನ ಸಂಪರ್ಕದಂಥ ಮೂಲ ಸೌಕರ್ಯಗಳಷ್ಟೆ. ಅಂಥ ಕಡೆಯೂ ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ ತಾವು ವಿನ್ಯಾಸಗೊಳಿಸಿದ 80 ಮಾದರಿ ಮನೆಗಳಲ್ಲಿ ಬೀದಿಗೂ ಬಾಗಿಲಿಗೂ ನಡುವೆ ಕಟ್ಟೆಯನ್ನು, ಮೆಟ್ಟಿಲನ್ನು, ಬಾಲ್ಕನಿಯನ್ನು ಕೈಬಿಡಲಿಲ್ಲ. ಕೈಯಲ್ಲಿ ಕಾಸಿಲ್ಲದವರ ಮನೆಗೆ ಹೊಂದಿದ ಕಟ್ಟೆ, ಈಜುಕೊಳ ಕಟ್ಟುವವರ ಲೆಕ್ಕದಲ್ಲಿ ಮಾತ್ರ ವ್ಯರ್ಥವಾಗುತ್ತದೆ.

ಮನೆ ಕೊಳ್ಳಲು ಓಡಾಡುತ್ತಿರುವ ಸ್ನೇಹಿತರಲ್ಲಿ ನನ್ನದೊಂದು ಕೋರಿಕೆಯಿದೆ. ಮಾದರಿ ಮನೆಯ ಅಡುಗೆಕೋಣೆಯ ಕಪಾಟುಗಳನ್ನು ತೆರೆದು ನೋಡಿ ಮುಗಿದ ಮೇಲೆ ಬಾಗಿಲಿನಿಂದಾಚೆ ಬನ್ನಿ. ಎದುರು ಮನೆಯವರೂ ನೀವೂ ದಾರಿಗೆ ಅಡ್ಡವಾಗದೆ ನಿಂತು ಮಾತಾಡಲು ಎಷ್ಟು ಜಾಗವಿದೆ, ಆ ಜಾಗಕ್ಕೆ ಹಗಲಿನ ಬೆಳಕು ಬರುತ್ತದೆಯೇ ಎಂದು ಮಾರಾಟದವರನ್ನು ಕೇಳಿ. ಅವರು ಉತ್ತರವಾಗಿ ಬ್ರೋಷರ್ ಬಿಡಿಸಿ ಕ್ಲಬ್‌ಹೌಸಿನ ಚಿತ್ರ ತೋರಿಸಿದರೆ ಅದನ್ನು ನನಗೆ ಕಳಿಸಿಕೊಡಿ, ಸೋಮವಾರದ ಸಭೆಗೆ ಕೊಂಡೊಯ್ಯುತ್ತೇನೆ.