ಸುಳ್ಳಲ್ಲ, ಇನ್‌ಎಕ್ಸಾಕ್ಟಿಟ್ಯೂಡ್

ಇಂಗ್ಲಿಷ್‌ನಲ್ಲಿ ‘ಇನ್‌ಎಕ್ಸಾಕ್ಟಿಟ್ಯೂಡ್’ ಅಂತ ಒಂದು ಪದ ಇದೆ. ಕರಾರುವಾಕ್ಕಾಗಿಲ್ಲ, ಸ್ವಲ್ಪ ಆಚೀಚೆ ಆಗಿದೆ ಅಂತ ಹೇಳೋದಕ್ಕೆ. ಆ ಕೆಲಸಕ್ಕೆ ಇನ್‌ಅಕ್ಯುರಸಿ ಇದೆ, ಇಂಪ್ರಿಸಿಷನ್ ಇದೆ, ಎರರ್, ಮಿಸ್ಟೇಕ್ ಅಂತ ಮಕ್ಕಳಿಗೂ ಗೊತ್ತಿರುವ ಪದಗಳಿವೆ. ಅವನ್ನೆಲ್ಲ ಬಿಟ್ಟು ಯಾರಾದರೂ ಅಟ್ಟ ಹತ್ತಿ, ಮೂಲೆಯಲ್ಲಿದ್ದ ಈ ಪದವನ್ನೇ ಇಳಿಸಿ, ಧೂಳು ಒರೆಸಿ ನಿಮ್ಮ ಮುಂದೆ ಇಟ್ಟರು ಅಂದ್ರೆ ಹುಷಾರಾಗಿರಿ. ಅವರ ಕೈಯಲ್ಲಿ ಏನೋ ಎಡವಟ್ಟಾಗಿದೆ.

ಈ ಪದಕ್ಕೆ ಹೆಸರು ತಂದುಕೊಟ್ಟವರು ವಿನ್‌ಸ್ಟನ್ ಚರ್ಚಿಲ್. 1906ರ ಫೆಬ್ರವರಿ 22ರಂದು, ಬ್ರಿಟನ್ನಿನ ಕೆಳಮನೆಯಲ್ಲಿ. ಆಗ ಅವರಿಗೆ 31 ವರ್ಷ, ವಸಾಹತು ಖಾತೆಯ ಕಿರಿಯ ಮಂತ್ರಿ. ದಕ್ಷಿಣ ಆಫ್ರಿಕಾದ ಟ್ರಾನ್ಸ್‌ವಾಲ್‌ನ ಚಿನ್ನದ ಗಣಿಗಳಲ್ಲಿ ಚೀನಾದಿಂದ ಕರಾರಿನ ಮೇಲೆ ತಂದ ಕೂಲಿಗಳನ್ನು ದುಡಿಸುತ್ತಿದ್ದರು. ಅದಕ್ಕೆ ಸ್ವಲ್ಪ ಮೊದಲು ನಡೆದ ಚುನಾವಣೆಯಲ್ಲಿ ಚರ್ಚಿಲ್ಲರ ಲಿಬರಲ್ ಪಕ್ಷದವರು ‘ಇದು ಚೀನೀ ಗುಲಾಮಗಿರಿ’ ಅಂತ ಗಂಟಲು ಹರಿಯುವಂತೆ ಕೂಗಿದ್ದರು. ಗೆದ್ದೂ ಬಿಟ್ಟರು. ಸೋತಿದ್ದರೆ ಕೂಗುತ್ತಲೇ ಇರಬಹುದಿತ್ತು. ಗೆದ್ದ ಮೇಲೆ ಕುರ್ಚಿಯಲ್ಲಿ ಕೂತು ಅದೇ ಮಾತಾಡೋದು ಕಷ್ಟ, ಅಲ್ವಾ? ಚರ್ಚಿಲ್ ಎದ್ದು ನಿಂತು ಹೇಳಿದ್ದರ ಸಾರ ಇಷ್ಟು: ಆ ಕರಾರು ಒಳ್ಳೆಯದಲ್ಲದೆ ಇರಬಹುದು, ಆದರೆ ಅದನ್ನು ಪೂರ್ತಿ ಅರ್ಥದಲ್ಲಿ ಗುಲಾಮಗಿರಿ ಅಂತ ಕರೆದರೆ ‘ಟರ್ಮಿನಲಾಜಿಕಲ್ ಇನ್‌ಎಕ್ಸಾಕ್ಟಿಟ್ಯೂಡ್’, ಅಂದರೆ ಪದಬಳಕೆಯಲ್ಲಿ ಆಚೀಚೆ, ಆಗುವ ಅಪಾಯ ಇದೆ.

ನೋಡಿ ಮಜಾ. ಎದುರು ಪಕ್ಷದವರನ್ನು ಅವರು ಸುಳ್ಳುಗಾರರು ಅನ್ನಲಿಲ್ಲ. ತಮ್ಮವರೇ ಹಾಕಿದ ಘೋಷಣೆಯಿಂದ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದರು, ಅಷ್ಟೆ. ಆದರೆ ಕೇಳಿದವರ ಕಿವಿಗೆ ಅದು ಬೇರೆ ಥರ ಬಿತ್ತು. ಕೆಳಮನೆಯಲ್ಲಿ ಯಾರೂ ಯಾರನ್ನೂ ‘ಸುಳ್ಳ’ ಅನ್ನುವ ಹಾಗಿಲ್ಲ. ಅಂದರೆ ಸ್ಪೀಕರ್ ಗದರಿಸಿ ಆ ಮಾತು ವಾಪಸ್ ತೆಗೆದುಕೊಳ್ಳಿ ಅಂತಾರೆ. ಅನ್ನಬಾರದು, ಆದರೆ ಅನ್ನದೆ ಇರೋಕೂ ಆಗಲ್ಲ ಅನ್ನುವ ಸಂಕಟದಲ್ಲಿದ್ದವರಿಗೆ ಈ ಜೋಡಿಪದ ದೇವರು ಕೊಟ್ಟಂತೆ ಸಿಕ್ಕಿತು. ‘ಲೈ’ ಅನ್ನೋಕೆ ಬಾಯಿ ಒಂದು ಸಲ ತೆರೆದರೆ ಸಾಕು. ಇದಕ್ಕೆ ಹನ್ನೊಂದು ಸಲ ಆಡಿಸಬೇಕು. ಹನ್ನೊಂದು ಸಲ ಬಾಯಿ ಆಡಿಸಿ ಮುಗಿಸುವ ಹೊತ್ತಿಗೆ ಎದುರಿನವರ ಸಿಟ್ಟು ಅರ್ಧ ಇಳಿದಿರುತ್ತೆ ಅಂತ ನನ್ನ ಅಂದಾಜು.

ಇಂಗ್ಲಿಷರಿಗೆ ಈ ವಿದ್ಯೆ ಕೈಹಿಡಿದಿದೆ. 1986ರಲ್ಲಿ ಬ್ರಿಟನ್ನಿನ ಸಂಪುಟ ಕಾರ್ಯದರ್ಶಿ ರಾಬರ್ಟ್ ಆರ್ಮ್‌ಸ್ಟ್ರಾಂಗ್ ಆಸ್ಟ್ರೇಲಿಯಾದ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದರು. ಬೇಹುಗಾರಿಕೆ ಇಲಾಖೆಯ ಮಾಜಿ ಅಧಿಕಾರಿಯೊಬ್ಬರು ಬರೆದ ಪುಸ್ತಕವನ್ನು ತಡೆಯುವ ಮೊಕದ್ದಮೆ. ಒಂದು ಪತ್ರದಲ್ಲಿ ಸುಳ್ಳು ಬರೆದಿದ್ದೀರಲ್ಲ ಅಂತ ವಕೀಲರು ಹಿಡಿದುಕೊಂಡಾಗ, ಅದು ಸುಳ್ಳಲ್ಲ, ಸತ್ಯವನ್ನು ಮಿತವ್ಯಯದಿಂದ ಬಳಸಿದ್ದು ಅನ್ನುವ ಅರ್ಥದ ಉತ್ತರ ಕೊಟ್ಟರು. ಹಣ ಉಳಿಸುವವರನ್ನು ನೋಡಿದ್ದೇವೆ. ಸತ್ಯ ಉಳಿಸುವವರು ಅಪರೂಪ.

ಮತ್ತೆ ನಮ್ಮ ಪದಕ್ಕೆ ಬರೋಣ. ಇದರ ನಡವಳಿಕೆ ನೋಡಬೇಕು. ಮೊದಲನೆಯದಾಗಿ ಇದು ಒಂಟಿಯಾಗಿ ಓಡಾಡೋದು ಕಡಿಮೆ. ಮುಂದೆ ‘ಸ್ಲೈಟ್’ ಅಂತಲೋ ‘ಸರ್ಟನ್’ ಅಂತಲೋ ಒಬ್ಬ ಬಾಡಿಗಾರ್ಡ್ ಇರಬೇಕು. ಆಮೇಲೆ, ಇದಕ್ಕೆ ಯಜಮಾನರು ಸಿಗಲ್ಲ. ‘ಮೈ ಮಿಸ್ಟೇಕ್’ ಅಂತ ಎದೆ ಮುಟ್ಟಿಕೊಂಡು ಹೇಳುವವರಿದ್ದಾರೆ. ‘ಮೈ ಇನ್‌ಎಕ್ಸಾಕ್ಟಿಟ್ಯೂಡ್’ ಅಂದವರನ್ನು ನಾನಂತೂ ಕಂಡಿಲ್ಲ. ‘ಒಂದು ಇನ್‌ಎಕ್ಸಾಕ್ಟಿಟ್ಯೂಡ್ ಕಂಡುಬಂದಿದೆ’ ಅಂತಾರೆ. ಎಲ್ಲಿಂದ ಬಂತು, ಯಾರು ತಂದರು, ಕೇಳಬೇಡಿ. ಮಳೆ ಬಂದ ಹಾಗೆ ಬಂದಿದೆ.

ಕನ್ನಡದಲ್ಲಿ ನಾವು ಇದಕ್ಕೆ ಅಷ್ಟು ದೊಡ್ಡ ಪದ ಹುಡುಕುವುದಿಲ್ಲ. ‘ಹೋಯ್ತು’ ಅಂತ ಸೇರಿಸಿದರೆ ಮುಗೀತು. ಲೋಟ ಒಡೆದುಹೋಯ್ತು. ಲೆಕ್ಕ ತಪ್ಪಿಹೋಯ್ತು. ಬಾಯಿತಪ್ಪಿ ಬಂದುಹೋಯ್ತು. ಲೋಟ ತಾನೇ ಮೇಜಿನ ತುದಿಗೆ ನಡೆದು ಹೋಗಿ ಹಾರಿಕೊಂಡ ಹಾಗೆ.

ಇಷ್ಟೆಲ್ಲ ನಾನು ಯೋಚಿಸೋಕೆ ಕಾರಣ ಒಂದು ಪುಸ್ತಕದ ಕಪಾಟು. ಗೋಡೆಯಲ್ಲಿ ಎರಡು ಕಂಬಗಳ ನಡುವೆ ಒಂದು ಜಾಗ ಇತ್ತು. ಅಳತೆ ತೆಗೆದುಕೊಳ್ಳೋಕೆ ಕಂಪನಿಯವರೇ ಬಂದಿದ್ದರು. ಟೇಪ್ ಹಿಡಿದರು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು, ಒಂದು ಕಣ್ಣು ಮುಚ್ಚಿ ನೋಡಿದರು. ಇಷ್ಟು ಶಾಸ್ತ್ರ ಮಾಡಿದವರು ತಪ್ಪು ಅಳೆಯುತ್ತಾರೆ ಅಂತ ಯಾರು ಅಂದುಕೊಳ್ಳುತ್ತಾರೆ? ಕಪಾಟು ಬಂತು. ಹೊತ್ತು ತಂದ ಇಬ್ಬರು ಜಾಗದ ಮುಂದೆ ಅದನ್ನು ನಿಲ್ಲಿಸಿ ತಳ್ಳಿದರು. ಹೋಗಲಿಲ್ಲ. ಓರೆ ಮಾಡಿ ತಳ್ಳಿದರು. ಒಂದು ಮೂಲೆ ಒಳಗೆ ಹೋಯಿತು, ಇನ್ನೊಂದು ಗೋಡೆಯ ಬಣ್ಣ ಕೆರೆದು ನಿಂತಿತು. ಅವರಲ್ಲಿ ಹಿರಿಯರು ಮೂರು ಬೆರಳು ಜೋಡಿಸಿ ಸಂದಿಗೆ ಹಿಡಿದು ನೋಡಿದರು.

“ಸಾರ್, ಕಪಾಟು ಸರಿಯಾಗಿದೆ” ಅಂದರು. “ಗೋಡೆನೇ ಸ್ವಲ್ಪ ಕಮ್ಮಿ ಬಿದ್ದಿದೆ.”

ನಿಜ ಹೇಳ್ತೀನಿ, ಆ ಮಾತಿಗೆ ನನಗೆ ಸಿಟ್ಟು ಬರಲಿಲ್ಲ. ಅದರಲ್ಲಿ ಒಂದು ಕಲೆ ಇತ್ತು. ಸಿಟ್ಟು ಬಂದದ್ದು ಆಮೇಲೆ ಬಂದ ಇಮೇಲ್‌ಗೆ. ‘ಆಯಾಮಗಳಲ್ಲಿ ಅಲ್ಪ ಇನ್‌ಎಕ್ಸಾಕ್ಟಿಟ್ಯೂಡ್ ಕಂಡುಬಂದಿರುವುದಕ್ಕೆ ವಿಷಾದಿಸುತ್ತೇವೆ’ ಅಂತ ಇಂಗ್ಲಿಷ್‌ನಲ್ಲಿ ಬರೆದಿದ್ದರು. ಮೂರು ಬೆರಳಿನಷ್ಟು ಅಗಲ ಜಾಸ್ತಿ ಇರುವ ಕಪಾಟು ಕಾರಿಡಾರಿನಲ್ಲಿ ಅಡ್ಡ ನಿಂತಿದೆ, ಹೋಗುವವರು ಬರುವವರೆಲ್ಲ ಹೊಟ್ಟೆ ಒಳಗೆಳೆದುಕೊಂಡು ಓಡಾಡುತ್ತಿದ್ದಾರೆ, ಇವರು ಅಲ್ಪ ಅಂತಾರೆ. ಚರ್ಚಿಲ್ ಬಳಸಿದ ಪದ ನಮ್ಮ ಮನೆವರೆಗೂ ಬಂತಲ್ಲ ಅಂತ ಖುಷಿಪಡೋಕೂ ಆಗಲಿಲ್ಲ.

ನನ್ನ ಸ್ನೇಹಿತನೊಬ್ಬನಿಗೆ ಆ ಇಮೇಲ್ ಬಹಳ ಹಿಡಿಸಿತು. ಅವನು ‘ಇನ್ನೈದು ನಿಮಿಷ, ದಾರೀಲಿದೀನಿ’ ಅಂತ ಹಾಸಿಗೆಯ ಮೇಲಿಂದ ಫೋನ್ ಮಾಡುವ ಜಾತಿಯವನು. ಪದವನ್ನು ಬಾಯಿಪಾಠ ಮಾಡಿಕೊಂಡು ಮನೆಗೆ ಹೋದ. ತಡವಾಗಿದ್ದಕ್ಕೆ ಹೆಂಡತಿ ಬಾಗಿಲಲ್ಲೇ ವಿಚಾರಿಸಿಕೊಂಡರಂತೆ. ಇವನು ಗಂಭೀರವಾಗಿ, ಇದು ಬರೀ ಟೆಂಪೊರಲ್ (ಸಮಯದ) ಇನ್‌ಎಕ್ಸಾಕ್ಟಿಟ್ಯೂಡ್ ಅಂದ. “ಅದಕ್ಕೆ ನಮ್ಮನೇಲಿ ಸುಳ್ಳು ಅಂತಾರೆ, ಕೈಕಾಲು ತೊಳ್ಕೊಂಡು ಬನ್ನಿ” ಅಂತ ಅವರು ಒಳಗೆ ಹೋದರು. ಆ ಮನೆಯಲ್ಲಿ ಸ್ಪೀಕರ್ ಕೂಡ ಅವರೇ. ಯಾವ ಮಾತೂ ವಾಪಸ್ ಆಗಲಿಲ್ಲ.

ನಾನು ಪದವನ್ನು ಬೇರೆ ಥರ ಬಳಸಿದೆ. ಬಿಲ್ಲಿನ ಕೊನೆಯ ಕಂತು ಕಟ್ಟುವಾಗ ಕಪಾಟು ಎಷ್ಟು ಉಬ್ಬಿದೆಯೋ ಅದೇ ಲೆಕ್ಕದಲ್ಲಿ ಹಣ ಇಳಿಸಿದೆ. ಕೆಳಗೆ ಒಂದು ಟಿಪ್ಪಣಿ, ಅವರದೇ ವಾಕ್ಯ, ಅವರದೇ ವಿಷಾದ: ‘ಮೊತ್ತದಲ್ಲಿ ಅಲ್ಪ ಇನ್‌ಎಕ್ಸಾಕ್ಟಿಟ್ಯೂಡ್ ಕಂಡುಬಂದಿದೆ.’ ಅಳತೆಯ ವಿಚಾರಕ್ಕೆ ಉತ್ತರ ಕೊಡೋಕೆ ವಾರಗಟ್ಟಲೆ ತೆಗೆದುಕೊಂಡ ಕಂಪನಿ ಈ ಸಲ ಮಧ್ಯಾಹ್ನದೊಳಗೇ ಬರೆಯಿತು. ಒಂದೇ ಸಾಲು. ಉದ್ದದ ಪದ ಹುಡುಕಿದರೂ ಸಿಗಲಿಲ್ಲ. ಹಣ ಕಡಿಮೆ ಕಟ್ಟಿದ್ದೀರಿ, ಬಾಕಿ ಕಳಿಸಿ.