ಯೂಟ್ಯೂಬ್‌ನಲ್ಲಿದೆ ಅಂದ್ರೆ ಉಳಿದ ಹಾಗಾ?

"ಎಲ್ಲಾ ಯೂಟ್ಯೂಬ್‌ನಲ್ಲಿ ಇದೆಯಲ್ಲ, ಬೇಕಾದಾಗ ನೋಡಿದ್ರಾಯ್ತು" ಅನ್ನುವವರನ್ನು ಕಂಡರೆ ನನಗೆ ಆರ್ಕುಟ್, ಫೇಸ್‌ಬುಕ್ ತರಹದ ಆ ಹಳೇ ತಾಣ, ನೆನಪಾಗುತ್ತದೆ. ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಇಂಟರ್ನೆಟ್ಟಿಗೆ ಫೋಟೋ ಹಾಕಿದ್ದೇ ಅಲ್ಲಿ. 2014ರ ಸೆಪ್ಟೆಂಬರ್ 30ಕ್ಕೆ ಗೂಗಲ್ ಅದಕ್ಕೆ ಬೀಗ ಹಾಕಿತು. ಫೋಟೋ ಇಳಿಸಿಕೊಳ್ಳಲು ಆಮೇಲೂ ಸಮಯ ಕೊಟ್ಟಿದ್ದರು. ನಿಮ್ಮಲ್ಲಿ ಯಾರು ಇಳಿಸಿಕೊಂಡಿದ್ದೀರಿ, ಕೈ ಎತ್ತಿ ನೋಡೋಣ!

ಫೋಟೋ ಇಡುವ ತಾಣ ಫ್ಲಿಕರ್ 2013ರಲ್ಲಿ ಒಂದು ಟೆರಾಬೈಟ್ ಜಾಗ ಪುಕ್ಕಟೆ ಅಂದಿತು. 2018ರಲ್ಲಿ ಕಂಪನಿ ಕೈ ಬದಲಾಯಿತು, ಮರುವರ್ಷದಿಂದ ಪುಕ್ಕಟೆ ಖಾತೆಗೆ 1000 ಫೋಟೋ ಮಾತ್ರ. ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಹಾಕಿ ಅಂತಿತ್ತು, 2021ರ ಜೂನ್‌ನಿಂದ 15 ಜಿಬಿ ಲೆಕ್ಕ ಶುರುವಾಯಿತು. ಆರ್ಕುಟ್ ತರಹದ್ದೇ ಇನ್ನೊಂದು ತಾಣ ಮೈಸ್ಪೇಸ್ ಅಂತೂ ಸರ್ವರ್ ಬದಲಾಯಿಸುವಾಗ ಹನ್ನೆರಡು ವರ್ಷಗಳ ಹಾಡು, ಫೋಟೋ, ವಿಡಿಯೋ ಕಳೆದುಕೊಂಡಿತು. ಇದರಲ್ಲಿ ಸಿಟ್ಟಾಗೋಕೆ ಜಾಸ್ತಿ ಏನಿಲ್ಲ. ಅವರದ್ದು ವ್ಯಾಪಾರ. ಸರ್ವರಿಗೆ ಕರೆಂಟ್ ಬೇಕು, ಕರೆಂಟಿಗೆ ದುಡ್ಡು ಬೇಕು.

ಮದುವೆ ಫೋಟೋ ಹೋದರೆ ಒಂದು ಮನೆಯ ಸಂಕಟ. ನನಗೆ ಅದಕ್ಕಿಂತ ಚಿಂತೆ ತಾಳಮದ್ದಳೆಯದು, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನದ್ದು. ಪದ್ಯ ಪ್ರಸಂಗದ, ಅಂದರೆ ಆಡುವ ಕಥೆಯ, ಪುಸ್ತಕದಲ್ಲಿರುತ್ತದೆ. ಆದರೆ ಪಾತ್ರವಾಗಿ ಮಾತಾಡುವ ಅರ್ಥಧಾರಿ ಆಡುವ ಮಾತು ಬರೆದಿಟ್ಟದ್ದಲ್ಲ, ಅಲ್ಲೇ ಹುಟ್ಟುವಂಥದ್ದು. ಇವತ್ತಿನ ಕೃಷ್ಣಸಂಧಾನದ ಕೌರವ ನಾಳೆ ಬೇರೆಯೇ ವಾದ ಹೂಡುತ್ತಾನೆ. ಯಾರೋ ರೆಕಾರ್ಡ್ ಮಾಡಿದರೆ ಉಂಟು, ಇಲ್ಲವಾದರೆ ಇಲ್ಲ. ಹಳೇ ಕ್ಯಾಸೆಟ್ಟುಗಳನ್ನು ಹುಡುಕಿ ಕಂಪ್ಯೂಟರಿಗೆ ಏರಿಸಿದವರು, ಯಕ್ಷಗಾನದ ಆಟದ ಎದುರು ನಿದ್ದೆಗೆಟ್ಟು ಮೊಬೈಲ್ ಹಿಡಿದು ಕೂತವರು, ಎಲ್ಲರೂ ಬರೀ ಅಭಿಮಾನಿಗಳು. ಯಾವ ಅಕಾಡೆಮಿಯ ಆದೇಶಕ್ಕೂ ಕಾಯದೆ ಅವರು ಮಾಡಿದ ಕೆಲಸ ದೊಡ್ಡದು.

ಆದರೆ ಅದಷ್ಟೂ ನಿಂತಿರುವುದು ಯಾರದೋ ಒಂದು ಜಿಮೇಲ್ ಖಾತೆಯ ಮೇಲೆ. ಯೂಟ್ಯೂಬ್ ನಿಯಮದ ಪ್ರಕಾರ 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ (ಹಕ್ಕುದಾರರ ದೂರಿಗೆ ಬೀಳುವ ಎಚ್ಚರಿಕೆ) ಬಿದ್ದರೆ ಚಾನೆಲ್ಲೇ ರದ್ದಾಗಬಹುದು. ತಕರಾರು ಇದ್ದದ್ದು ಮೂರು ವಿಡಿಯೋದ ಮೇಲೆ, ಹೋಗುವುದು ಅಷ್ಟೂ ವಿಡಿಯೋ. ಆಟ ಆಡುವ ಮೇಳದವರಿಗೂ ಹಕ್ಕಿದೆ, ಅದು ಬೇರೆ ಮಾತು. ಪುಕ್ಕಟೆ ವಿಡಿಯೋ ಬಂದರೆ ಡೇರೆಗೆ ಜನ ಬರಲ್ಲ ಅನ್ನುವ ಅವರ ಸಿಟ್ಟು ಸುಳ್ಳಲ್ಲ.

ಹಾಗಾಗಿ ಈ ಚಾನೆಲ್ ನಡೆಸುವ ಗೆಳೆಯರ ಹತ್ತಿರ ಒಂದು ಜಗಳ ಇದೆ. ಅಪ್‌ಲೋಡ್ ಆದ ಕೂಡಲೇ ಮೆಮೊರಿ ಕಾರ್ಡ್ ಯಾಕೆ ಖಾಲಿ ಮಾಡ್ತೀರಿ ಮಾರಾಯ್ರೆ? ಯೂಟ್ಯೂಬ್ ತೋರಿಸುವುದು ಕುಗ್ಗಿಸಿದ ಪ್ರತಿ. ನಿಮ್ಮ ಮೂಲ ಫೈಲಿನಲ್ಲಿರುವ ಚೆಂಡೆಯ ನಾದ ಅದರಲ್ಲಿ ಅಷ್ಟಕ್ಕಷ್ಟೆ. ಒಂದು ಹಾರ್ಡ್ ಡಿಸ್ಕ್ ನಿಮ್ಮಲ್ಲಿರಲಿ, ಇನ್ನೊಂದು ಬೇರೆಯವರ ಮನೆಯಲ್ಲಿರಲಿ.

ಇನ್ನೊಂದು, ತಲೆಬರಹ. "ಸೂಪರ್ ಹಾಸ್ಯ, ಕೊನೇ ತನಕ ನೋಡಿ" ಅಂತ ಹಾಕಿರ್ತೀರಿ. ಯಾವ ಪ್ರಸಂಗ, ಯಾವ ಊರು, ಯಾವ ವರ್ಷ, ಹಾಡಿದ ಭಾಗವತರು ಯಾರು, ಮದ್ದಳೆಗೆ ಯಾರು, ಒಂದೂ ಇಲ್ಲ. ಹೆಸರು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಕೇಳಿ ಬರೆದುಕೊಳ್ಳಿ.